ಮನಸ್ಸಿನ ಸದ್ದುಗಳು: ಜಪಾನೀ ಅನುಕರಣ ಪದಗಳನ್ನು ನಾನು ಕಲಿತ ಬಗೆ

ಜಪಾನೀ ಭಾಷೆಯ ಅನುಕರಣ ಪದಗಳಲ್ಲಿ ಹೊರಗಿನ ಸದ್ದನ್ನು ಹೇಳುವವು ಬೇಗ ರೂಢಿಯಾಗುತ್ತವೆ. ಒಳಗಿನ ಭಾವವನ್ನು ಹೇಳುವವು ಬಹಳ ಕಾಲ ಸತಾಯಿಸುತ್ತವೆ. ಭಾಷಾವಿಜ್ಞಾನಿ ಕಿಂದಾಇಚಿ ಹರುಹಿಕೊ 1978ರಲ್ಲಿ ಮಾಡಿದ ವಿಂಗಡಣೆಯಲ್ಲಿ ಈ ಎರಡನೆಯ ಗುಂಪಿಗೆ ‘ಗಿಜೋಗೊ’ ಎಂಬ ಪ್ರತ್ಯೇಕ ಹೆಸರೇ ಇದೆ. ಬಿಡದಿಯ ಕಾರ್ಖಾನೆಯೊಂದರಲ್ಲಿ ಜಪಾನೀ ತರಬೇತುದಾರರ ಮಾತನ್ನು ನಮ್ಮ ಕಾರ್ಮಿಕರಿಗೆ ಕನ್ನಡದಲ್ಲಿ ತಿಳಿಸುವ ದುಭಾಷಿಯಾದ ನನಗೆ ನಿತ್ಯ ಎದುರಾಗುವುದು ಈ ಪದಗಳೇ.

ಪ್ರತಿ ಪದಕ್ಕೂ ಒಂದು ಕನ್ನಡ ಅರ್ಥ ಬರೆದುಕೊಳ್ಳುವ ಬದಲು, ಆ ಭಾವ ಯಾರದು, ಯಾವುದರಿಂದ ಹುಟ್ಟಿತು, ಒಮ್ಮೆ ಮಿಂಚಿದ್ದೋ ಎಡೆಬಿಡದೆ ಕಾಡುವುದೋ ಎಂಬುದನ್ನು ಗುರುತು ಮಾಡಿಕೊಳ್ಳುತ್ತಾ ಬಂದೆ. ‘ದೊಕಿದೊಕಿ’ ಎಂದರೆ ಎದೆ ಡವಡವ ಹೊಡೆದುಕೊಳ್ಳುವುದು. ಕಾರಣ ಪರೀಕ್ಷೆಯಾದರೂ ಆದೀತು, ಪ್ರೀತಿಯಾದರೂ ಆದೀತು, ಮೆಟ್ಟಿಲು ಹತ್ತಿದ ದಣಿವಾದರೂ ಆದೀತು. ‘ವಕುವಕು’ ಒಳ್ಳೆಯದೇನೋ ಬರಲಿದೆ ಎಂಬ ಹಿಗ್ಗಿಗೆ ಮಾತ್ರ ಸಲ್ಲುತ್ತದೆ. ‘ಹರಹರ’ ಎಂಬುದು ಬೇರೆಯವರಿಗೆ ಏನಾಗುವುದೋ ಎಂದು ನೋಡುತ್ತಾ ನಿಂತವರ ಆತಂಕ. ಈ ಪದ ಕನ್ನಡಿಗರ ಕಿವಿಗೆ ತಾನಾಗಿಯೇ ನಾಟುತ್ತದೆ.

ನನಗೆ ಹೆಚ್ಚು ನೆರವಾದದ್ದು ನಮ್ಮದೇ ವ್ಯಾಕರಣ. ‘ಎದೆ ಧಸಕ್ಕೆಂದಿತು’ ಎಂಬಲ್ಲಿ ‘ಎನ್ನು’ ಮಾಡುವ ಕೆಲಸವನ್ನು ಜಪಾನೀಯಲ್ಲಿ ‘ತೊ’ ಪ್ರತ್ಯಯ ಮಾಡುತ್ತದೆ. ಬೇರೆಯವರ ಮಾತನ್ನು ಉದ್ಧರಿಸುವಾಗಲೂ ನಾವು ‘ಎಂದು’ ಬಳಸುವಂತೆ ಅವರು ಅದೇ ‘ತೊ’ ಬಳಸುತ್ತಾರೆ. ಒಮ್ಮೆಗೇ ಬೆಚ್ಚಿದರೆ ‘ದೊಕಿತ್ತೊ ಸುರು’ (‘ಸುರು’ ಎಂದರೆ ‘ಮಾಡು’ ಎಂಬ ಕ್ರಿಯಾಪದ), ಬಡಿತ ಮುಂದುವರಿದರೆ ‘ದೊಕಿದೊಕಿ ಸುರು’. ಧಸಕ್ಕೆನ್ನುವುದಕ್ಕೂ ಡವಡವಕ್ಕೂ ಇರುವ ಅಂತರವೇ ಇದು. ಭಯದಿಂದ ಮೈ ಝುಮ್ಮೆಂದರೆ ‘ಜೊತ್ತೊ ಸುರು’, ಆತಂಕ ಕಳೆದು ನಿಟ್ಟುಸಿರಿಟ್ಟರೆ ‘ಹೊತ್ತೊ ಸುರು’. ದ್ವಿರುಕ್ತಿ ಬಂದರೆ ಭಾವ ಎಳೆದುಕೊಂಡು ಹೋಗುತ್ತದೆ, ಒತ್ತಕ್ಷರದೊಡನೆ ‘ತೊ’ ಬಂದರೆ ಸಾಮಾನ್ಯವಾಗಿ ಒಂದೇ ಏಟಿಗೆ ಮುಗಿಯುತ್ತದೆ ಎಂಬುದು ಗೊತ್ತಾದ ಮೇಲೆ ಹೊಸ ಪದ ಕಿವಿಗೆ ಬಿದ್ದಾಗಲೂ ಅರ್ಧದಷ್ಟಾದರೂ ಊಹಿಸಬಲ್ಲೆ.

ಯಾರ ಭಾವ ಎಂಬುದಕ್ಕೂ ಅಷ್ಟೇ ಬೆಲೆ ಕೊಡಬೇಕು. ‘ನಿಕೊನಿಕೊ’ ನಗುವುದು, ‘ಮೆಸೊಮೆಸೊ’ ಅಳುವುದು ಹೊರಗಿನಿಂದ ಕಾಣುವ ಚಹರೆ. ‘ಇರಇರ’ ಒಳಗಿನ ಸಿಡಿಮಿಡಿ. ನನ್ನದಾದರೆ ‘ಇರಇರ ಸುರು’ ಎನ್ನುತ್ತೇನೆ, ಇನ್ನೊಬ್ಬರದಾದರೆ ‘ಇರಇರ ಶಿತೆ ಇರು’ ಎಂದು ಕಂಡದ್ದನ್ನು ವರದಿ ಮಾಡುತ್ತೇನೆ. ಬರವಣಿಗೆಯಲ್ಲಿಯೂ ಎಚ್ಚರ ಬೇಕು: ಕಚೇರಿಯ ಪತ್ರದಲ್ಲಿ ‘ಹೊತ್ತೊ ಶಿಮಾಶಿತಾ’ ಸಲ್ಲುತ್ತದೆ, ‘ಇರಇರ’ ಸಲ್ಲುವುದಿಲ್ಲ.

ಇವೆಲ್ಲವುಗಳಲ್ಲಿ ನಾನು ಅತ್ಯಂತ ಗೌರವದಿಂದ ಕೇಳಿಸಿಕೊಳ್ಳುವ ಪದ ‘ಮೊಯಮೊಯ’. ಮಂಜು ಮುಸುಕಿದಂತೆ ಏನೋ ತಿಳಿಯಾಗದೆ ಉಳಿದಿದೆ ಎಂಬ ಭಾವ ಅದು. ಸಭೆಯ ಕೊನೆಯಲ್ಲಿ ತರಬೇತುದಾರರು ಈ ಪದ ಆಡಿದರೆ ಅದನ್ನು ‘ಬೇಸರವಾಗಿದೆ’ ಎಂದು ನಾನು ಹೇಳುವುದಿಲ್ಲ. ‘ಒಪ್ಪಿದ್ದಾರೆ, ಆದರೆ ಮನಸ್ಸಿಗೆ ಇನ್ನೂ ಸಮಾಧಾನವಾಗಿಲ್ಲ’ ಎಂದು ಮೇಲ್ವಿಚಾರಕರಿಗೆ ತಿಳಿಸಿ, ಅವರ ಅನುಮತಿ ಪಡೆದು, ‘ದೊನೊ ಹೆನ್ ಗ ಮೊಯಮೊಯ ಶಿಮಾಸು ಕಾ’, ಅಂದರೆ ಯಾವ ಭಾಗ ನಿಮ್ಮನ್ನು ಕಾಡುತ್ತಿದೆ ಎಂದು ಕೇಳುತ್ತೇನೆ. ಆಗ ಸಾಮಾನ್ಯವಾಗಿ ಅವರು ನಕ್ಷೆಯನ್ನು ಮತ್ತೆ ಬಿಡಿಸಿ ಒಂದು ಜಾಗದ ಮೇಲೆ ಬೆರಳಿಟ್ಟು ತೋರಿಸುತ್ತಾರೆ.