ವರ್ಷಗಟ್ಟಲೆ ನಿಂತ ಹಳೆಯ ಕಾರಿನ ಎಂಜಿನ್ ಮತ್ತೆ ಚಾಲೂ ಮಾಡುವ ಕ್ರಮ

ಎಂಜಿನ್ ಬಿಚ್ಚಿ ಕಟ್ಟಿಸಿ, ಹೊಸ ಬಣ್ಣ ಹೊಡೆಸಿದ ಅಂಬಾಸಿಡರ್ ಅಥವಾ ಪದ್ಮಿನಿ ಕಾರು ಕಲಬುರಗಿಯ ಒಂದು ಶೆಡ್ಡಿನಲ್ಲಿ ಎರಡು ಮೂರು ವರ್ಷ ನಿಂತುಬಿಟ್ಟಿದ್ದರೆ, ಕೀಲಿ ತಿರುಗಿಸಿ ಸೆಲ್ಫ್ ಹೊಡೆಯುವುದು ಎಲ್ಲಕ್ಕಿಂತ ಕೊನೆಯ ಕೆಲಸವಾಗಬೇಕು. ಇಷ್ಟು ಕಾಲದಲ್ಲಿ ಆಯಿಲೆಲ್ಲ ಕೆಳಗಿನ ಚೇಂಬರಿಗೆ ಇಳಿದು, ಬೇರಿಂಗುಗಳೂ ಸಿಲಿಂಡರಿನ ಗೋಡೆಗಳೂ ಒಣಗಿರುತ್ತವೆ. ಆ ಸ್ಥಿತಿಯಲ್ಲಿ ಎಂಜಿನ್ ಒಮ್ಮೆಲೇ ಹತ್ತಿಕೊಂಡರೆ, ಸಾವಿರಾರು ರೂಪಾಯಿ ಸುರಿದು ಹಾಕಿಸಿದ ಹೊಸ ರಿಂಗು ಮತ್ತು ಬೇರಿಂಗುಗಳು ಮೊದಲ ಕೆಲವು ಕ್ಷಣಗಳಲ್ಲೇ ಸವೆಯತೊಡಗುತ್ತವೆ.

ಇದಕ್ಕೆ ಬೇಸಿಗೆ ಸರಿಯಾದ ಕಾಲವಲ್ಲ. ಉಷ್ಣಾಂಶ 40 ಡಿಗ್ರಿ ದಾಟುವ ನಮ್ಮ ಏಪ್ರಿಲ್, ಮೇ ತಿಂಗಳುಗಳಲ್ಲಿ ಪೆಟ್ರೋಲ್ ಪೈಪಿನಲ್ಲಿಯೇ ಆವಿಯಾಗುವುದರಿಂದ, ದೋಷ ಎಂಜಿನ್ನಿನದೋ ಬಿಸಿಲಿನದೋ ತಿಳಿಯದೆ ಮಿಸ್ತ್ರಿಯೂ ತಬ್ಬಿಬ್ಬಾಗುತ್ತಾನೆ. ದಸರೆಯ ನಂತರದ ತಂಪಾದ ಬೆಳಗ್ಗೆಯೇ ಉತ್ತಮ.

ಮೊದಲು ಬಾನೆಟ್ ಎತ್ತಿ ಏರ್ ಕ್ಲೀನರ್ ಮತ್ತು ಸೈಲೆನ್ಸರ್ ಬಾಯಿಯನ್ನು ಪರೀಕ್ಷಿಸಬೇಕು. ಅಳಿಲು, ಇಲಿಗಳು ಅಲ್ಲಿ ಗೂಡು ಕಟ್ಟಿರುವುದು, ವೈರುಗಳನ್ನು ಕಡಿದಿರುವುದು ಅಪರೂಪವಲ್ಲ. ಬ್ಯಾಟರಿಯನ್ನು ಹೊರತೆಗೆದು ಚಾರ್ಜ್ ಮಾಡಿಸಬೇಕು. ಪೂರ್ತಿ ಚಾರ್ಜ್ ಆದ ಬ್ಯಾಟರಿ ತುಸು ಹೊತ್ತು ಬಿಟ್ಟ ಮೇಲೂ ಸುಮಾರು 12.6 ವೋಲ್ಟ್ ತೋರಿಸುತ್ತದೆ. ಮರಳಿ ಜೋಡಿಸುವಾಗ ಒಂದು ಎಚ್ಚರ ಬೇಕು: ಬ್ರಿಟಿಷ್ ವಿನ್ಯಾಸದ ಕೆಲವು ಹಳೆಯ ಕಾರುಗಳಲ್ಲಿ ಕಾರಿನ ಲೋಹದ ಮೈಗೆ ಅರ್ತ್ ಆಗಿರುವುದು ಪಾಸಿಟಿವ್ ತುದಿಯೇ ಹೊರತು ನೆಗೆಟಿವ್ ಅಲ್ಲ.

ಹೆಚ್ಚಿನ ತೊಂದರೆ ಪೆಟ್ರೋಲಿನದು. ಟ್ಯಾಂಕಿನಲ್ಲಿ ಉಳಿದದ್ದನ್ನು ಬಯಲಿನಲ್ಲಿ, ಬೀಡಿ ಸಿಗರೇಟಿನಿಂದ ದೂರದಲ್ಲಿ ಪೂರ್ತಿ ಇಳಿಸಿ, ಸ್ವಲ್ಪವನ್ನು ಗಾಜಿನ ಬಾಟಲಿಯಲ್ಲಿ ಒಂದು ಗಂಟೆ ಅಲುಗಾಡಿಸದೆ ಇಟ್ಟು ನೋಡಬೇಕು. ಈಗಿನ ಪೆಟ್ರೋಲಿನಲ್ಲಿ ಶೇ. 20ರವರೆಗೆ ಎಥನಾಲ್ ಇರುತ್ತದೆ. ಅದು ಗಾಳಿಯ ತೇವವನ್ನು ಹೀರಿಕೊಂಡು ಕೊನೆಗೆ ಬೇರ್ಪಟ್ಟು ತಳಕ್ಕೆ ಇಳಿಯುತ್ತದೆ. ಬಾಟಲಿಯ ತಳದಲ್ಲಿ ಬೇರೆಯೇ ಪದರು ಕಂಡರೆ, ಅಥವಾ ವಾರ್ನಿಷಿನಂಥ ವಾಸನೆ ಬಂದರೆ, ಆ ಪೆಟ್ರೋಲನ್ನು ಎಂಜಿನ್ನಿಗೆ ಕುಡಿಸಬಾರದು. ಇದೇ ಎಥನಾಲ್ ಹಳೆಯ ರಬ್ಬರ್ ಪೈಪನ್ನೂ ಪಂಪಿನ ಡಯಾಫ್ರಮನ್ನೂ ಉಬ್ಬಿಸಿ ಹಾಳು ಮಾಡುವುದರಿಂದ, ಪೈಪುಗಳನ್ನು ಹೊಸದಾಗಿ ಹಾಕಿಸಿ ಕಾರ್ಬ್ಯುರೇಟರ್ ಬಿಚ್ಚಿ ಜೆಟ್‌ಗಳನ್ನು ತೊಳೆಸುವುದು ಲೇಸು.

ಇನ್ನು ಮುಖ್ಯ ಕೆಲಸ. ಹಳೆಯ ಆಯಿಲ್ ಇಳಿಸಿ, ಹೊಸ ಫಿಲ್ಟರ್ ಹಾಕಿ, ಕಂಪನಿಯ ಪುಸ್ತಕ ಹೇಳುವ ಗ್ರೇಡಿನ ಆಯಿಲ್ ತುಂಬಬೇಕು. ನಾಲ್ಕೂ ಪ್ಲಗ್ ಬಿಚ್ಚಿ ಪ್ರತಿ ಸಿಲಿಂಡರಿಗೆ ಒಂದು ಚಮಚ ಆಯಿಲ್ ಬಿಟ್ಟು ರಾತ್ರಿಯಿಡೀ ಹಾಗೆಯೇ ಬಿಡಬೇಕು. ಮರುದಿನ ಗೇರನ್ನು ನ್ಯೂಟ್ರಲ್‌ಗೆ ತಂದು ಮುಂಭಾಗದಿಂದ ತೂರಿಸಿ ಕೈಯಿಂದ ತಿರುಗಿಸುವ ಹ್ಯಾಂಡಲಿನಿಂದ ಎಂಜಿನ್ನನ್ನು ನಿಧಾನವಾಗಿ ಎರಡು ಸುತ್ತು ತಿರುಗಿಸಬೇಕು. ಹ್ಯಾಂಡಲ್ ಇಲ್ಲದ ಕಾರನ್ನು ಟಾಪ್ ಗೇರಿಗೆ ಹಾಕಿ ತುಸು ತುಸುವೇ ತಳ್ಳಿದರೂ ಆದೀತು. ಎಲ್ಲಿಯಾದರೂ ಬಿಗಿದು ನಿಂತರೆ ಬಲ ಪ್ರಯೋಗಿಸದೆ ಮತ್ತೆ ಆಯಿಲ್ ಬಿಟ್ಟು ಕಾಯಬೇಕು. ಸಲೀಸಾಗಿ ತಿರುಗಿದ ಮೇಲೆ ಪ್ಲಗ್‌ಗಳಿಗೆ ಕಿಡಿ ಕೊಡುವ ಕಾಯಿಲಿನ ವೈರು ಕಳಚಿ, ಗೇರು ಮತ್ತೆ ನ್ಯೂಟ್ರಲಿನಲ್ಲಿರುವುದನ್ನು ಖಚಿತಪಡಿಸಿಕೊಂಡು, ಪ್ಲಗ್ ಇಲ್ಲದೆಯೇ ಹತ್ತು ಸೆಕೆಂಡಿನಂತೆ ಬಿಟ್ಟು ಬಿಟ್ಟು ಸೆಲ್ಫ್ ಹೊಡೆಯಬೇಕು. ಡ್ಯಾಶ್‌ಬೋರ್ಡಿನ ಆಯಿಲ್ ದೀಪ ಆರುವವರೆಗೆ, ಇಲ್ಲವೇ ಗೇಜಿನ ಮುಳ್ಳು ಮೇಲೇಳುವವರೆಗೆ ಇದು ನಡೆಯಬೇಕು. ಆತುರಗಾರರು ಬಿಟ್ಟುಬಿಡುವ ಹಂತ ಇದೇ.

ರೇಡಿಯೇಟರಿಗೆ ಬೋರ್‌ವೆಲ್ ನೀರು ಬೇಡ. ಸುಣ್ಣಕಲ್ಲಿನ ನಮ್ಮ ನೆಲದ ಗಡಸು ನೀರು ಒಳಗೆ ಬಿಳಿ ಪದರು ಕಟ್ಟುತ್ತದೆ. ಡಿಸ್ಟಿಲ್ಡ್ ವಾಟರ್ ಮತ್ತು ಕೂಲಂಟ್ ಬೆರೆಸಿ ತುಂಬಬೇಕು. ಡಿಸ್ಟ್ರಿಬ್ಯೂಟರಿನೊಳಗೆ ತೆರೆದು ಮುಚ್ಚಿ ಕಿಡಿ ಹುಟ್ಟಿಸುವ ಪಾಯಿಂಟ್‌ಗಳ ಮೇಲೆ ಬೂದು ಬಣ್ಣ ಕೂತಿದ್ದರೆ ನಯವಾದ ಪಾಲಿಶ್ ಕಾಗದದಿಂದ ಉಜ್ಜಿ, ಗ್ಯಾಪ್ ಸರಿಪಡಿಸಿ, ಆಮೇಲೆ ಪ್ಲಗ್‌ಗಳನ್ನೂ ಕಾಯಿಲಿನ ವೈರನ್ನೂ ಜೋಡಿಸಬೇಕು.

ಚಾಲೂ ಮಾಡುವ ಮೊದಲು ಶೆಡ್ಡಿನ ಬಾಗಿಲುಗಳನ್ನೆಲ್ಲ ತೆರೆಯಬೇಕು, ಏಕೆಂದರೆ ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯೇ ಇಲ್ಲ. ಬೆಂಕಿ ನಂದಿಸುವ ಸಿಲಿಂಡರ್ ಕೈಗೆಟಕುವಂತಿರಲಿ. ಕಾರ್ಬ್ಯುರೇಟರ್ ಬಾಯಿಗೆ ಪೆಟ್ರೋಲ್ ಸುರಿದು ಹೊತ್ತಿಸುವ ಹಳೆಯ ಚಾಳಿಯನ್ನು ಯಾರು ಹೇಳಿಕೊಟ್ಟರೂ ಒಪ್ಪಬಾರದು. ಒಮ್ಮೆ ಬ್ಯಾಕ್‌ಫೈರ್ ಆದರೆ ಬಾನೆಟ್ಟಿನೊಳಗೇ ಬೆಂಕಿ. ಪೆಟ್ರೋಲ್ ಪಂಪಿನ ಲಿವರನ್ನು ಕೈಯಿಂದ ಒತ್ತಿ ಪೆಟ್ರೋಲ್ ತಂದುಕೊಂಡು, ಚೋಕ್ ಎಳೆದು ಸೆಲ್ಫ್ ಹೊಡೆದರೆ ಸಾಕು. ಎಂಜಿನ್ ಹತ್ತಿದ ಕೆಲವೇ ಸೆಕೆಂಡುಗಳಲ್ಲಿ ಆಯಿಲ್ ದೀಪ ಆರದಿದ್ದರೆ ತಕ್ಷಣ ಬಂದ್ ಮಾಡಬೇಕು. ಸಿಲಿಂಡರಿಗೆ ಬಿಟ್ಟ ಆಯಿಲ್ ಸುಡುವವರೆಗೆ ನೀಲಿ ಹೊಗೆ ಬರುವುದು ಸಹಜ. ಅದು ಹತ್ತು ನಿಮಿಷವಾದರೂ ನಿಲ್ಲದಿದ್ದರೆ ರಿಂಗುಗಳನ್ನು ಅನುಮಾನಿಸಬಹುದು. ಈ ನಡುವೆ ಕಾರಿನ ಕೆಳಗೆ ಬಗ್ಗಿ ನೋಡುತ್ತಿರಬೇಕು: ಶಹಾಬಾದ್ ಕಲ್ಲಿನ ನೆಲವಾದರೆ ಒಂದು ಹನಿ ಪೆಟ್ರೋಲ್ ಬಿದ್ದರೂ ಕಪ್ಪಗೆ ಕಲೆಯಾಗಿ ಕಾಣುತ್ತದೆ, ನೋಡನೋಡುತ್ತಲೇ ಆರಿಹೋಗುತ್ತದೆ.

ಕಾರನ್ನು ಅಲುಗಾಡಿಸುವ ಮೊದಲು ಬ್ರೇಕ್ ಹಿಡಿಯುತ್ತದೆಯೇ, ಕ್ಲಚ್ ಬಿಡುತ್ತದೆಯೇ ಎಂದು ಪರೀಕ್ಷಿಸಬೇಕು. ಎಂಜಿನ್ ಒಮ್ಮೆ ಪೂರ್ತಿ ಬಿಸಿಯಾಗಿ ಆರಿದ ಮೇಲೆ, ಹೆಡ್ ಬೋಲ್ಟುಗಳನ್ನು ಪುಸ್ತಕದಲ್ಲಿರುವ ಕ್ರಮದಲ್ಲಿ ಬಿಗಿತ ಅಳೆಯುವ ಟಾರ್ಕ್ ಪಾನಾದಿಂದ ಮತ್ತೊಮ್ಮೆ ಬಿಗಿದು, ಅದರಿಂದ ಟ್ಯಾಪೆಟ್ ಗ್ಯಾಪ್ (ವಾಲ್ವ್‌ಗಳ ಬಳಿ ಬಿಡುವ ಸಣ್ಣ ಸಂದು) ವ್ಯತ್ಯಾಸವಾಗುವ ಕಾರಣ ಅದನ್ನೂ ಅಂದೇ ಹೊಂದಿಸಬೇಕು.