ಹಳೇ ಚಾರ್ಟ್ ಸಾಫ್ಟ್‌ವೇರ್ ತೆಗೆಯದೆ ಹೊಸದನ್ನು ಓಡಿಸಿದ ಬಗೆ: ನನ್ನ ಅನುಭವ

ಫಾರ್ಮುಲಾ ಅದೇ, ಡೇಟಾ ಅದೇ, ಶೇರು ಅದೇ. ಆದರೆ ಶೇರು ಚಾರ್ಟ್ ಸಾಫ್ಟ್‌ವೇರಿನ ಹೊಸ ಆವೃತ್ತಿಯಲ್ಲಿ ಕೊಳ್ಳು-ಮಾರು ಅನ್ನುವ ಸಿಗ್ನಲ್ ಬೇರೆ ಬರುತ್ತಿತ್ತು. ಹುಬ್ಬಳ್ಳಿಯಲ್ಲಿ ನಾನು ದಿನಾ ಕೂರುವ ಶೇರು ಬ್ರೋಕರ್ ಆಫೀಸಿನಲ್ಲಿ ಹೇಳಿದರೆ ಯಾರೂ ನಂಬಲಿಲ್ಲ. "ಸಾಫ್ಟ್‌ವೇರ್ ಹೊಸಾದಾದ್ರ ಲೆಕ್ಕ ಹೆಂಗ ಬದಲಾಗ್ತೈತ್ರಿ ಸರ? ನಿಮ್ಮ ಸಿಸ್ಟಮ್ಮೇ ಕೆಟ್ಟೈತಿ ಬಿಡ್ರಿ" ಅಂದರು. ಲೆಕ್ಕ ಬದಲಾಗುತ್ತದೆ. ಅದನ್ನು ಹಿಡಿಯೋಕೆ ನನಗೆ ಒಂದು ಸೀಸನ್ ಪೂರ್ತಿ ಬೇಕಾಯಿತು. ಸಾಫ್ಟ್‌ವೇರ್ ಹೆಸರು ಇಲ್ಲಿ ಬೇಡ. ಫಾರ್ಮುಲಾ ಬರೆದು ಇಂಟ್ರಾಡೇ (ಅಂದೇ ಕೊಂಡು ಅಂದೇ ಮಾರುವುದು) ಮಾಡುವವರಿಗೆ ಯಾವುದರಲ್ಲಾದರೂ ಇಂಥದ್ದು ಬರಬಹುದು.

ಮೊದಲು ದುಡ್ಡಿನ ವಿಷಯ. ಹಳೆಯದು ಒಂದೇ ಸಲ ದುಡ್ಡು ಕೊಟ್ಟು ತೊಗೊಂಡದ್ದು, 32 ಬಿಟ್‌ದು. 4 ಜಿಬಿ ರ‍್ಯಾಮಿನ ಕಂಪ್ಯೂಟರ್ ಡಬ್ಬಿಯಲ್ಲಿ ಆರಾಮಾಗಿ ಓಡುತ್ತಿತ್ತು. ಹೊಸದಕ್ಕೆ ಅಪ್‌ಗ್ರೇಡ್ ಅಂತ 18-20 ಸಾವಿರ ಹೋಯಿತು. ಅದು 64 ಬಿಟ್. ಲೈವ್ ಬೆಲೆ ತಂದು ಹಾಕುವ ನನ್ನ ಡೇಟಾ ಪ್ಲಗಿನ್ 32 ಬಿಟ್. ಒಂದರೊಳಗೆ ಇನ್ನೊಂದು ಕೂರಲ್ಲ, ಅದರ ಫೈಲು (ಡಿಎಲ್‌ಎಲ್) ಲೋಡೇ ಆಗಲ್ಲ. ಪ್ಲಗಿನ್ ಹೊಸದು ಬೇಕು ಅಂದರೆ ತಿಂಗಳ ಬಾಡಿಗೆ ಲೆಕ್ಕ. ರ‍್ಯಾಮು, ಎಸ್‌ಎಸ್‌ಡಿ ಸೇರಿ ಇನ್ನೊಂದು 7-8 ಸಾವಿರ. ಮಾರಿದವನು ಫೋನಿನಲ್ಲಿ "ಎರಡು ನಿಮಿಷದ ಕೆಲಸ ಸರ್" ಅಂದಿದ್ದ. ಈ ಖರ್ಚು ಕಣ್ಣಿಗೆ ಕಾಣುವಂಥದ್ದು, ಅದಕ್ಕೆ ನಾನು ಅಳುವುದಿಲ್ಲ. ಕಾಣದೇ ಹೋದದ್ದು ಬೇರೆ. ಮೊದಲ ಕೆಲವು ವಾರದಲ್ಲಿ ನಲವತ್ತು ಸಾವಿರದ ಹತ್ತಿರ ಹೋಯಿತು, ನಷ್ಟ ಇಷ್ಟಾದರೆ ಹೊರಗೆ ಬಾ ಅನ್ನುವ ಸ್ಟಾಪ್‌ಲಾಸ್ ಮೇಲೆ ಸ್ಟಾಪ್‌ಲಾಸ್.

ನಾನು ಮಾಡುವುದು ಓಪನಿಂಗ್ ರೇಂಜ್ ಬ್ರೇಕೌಟ್. ಮೊದಲ 15 ನಿಮಿಷದ ಹೈ-ಲೋ ಹಿಡಿದು ಅದರ ಆಚೆ ಹೋದರೆ ಎಂಟ್ರಿ. 5 ನಿಮಿಷದ ಚಾರ್ಟ್, ಅಂದರೆ ಪ್ರತಿ 5 ನಿಮಿಷದ ಬೆಲೆಯ ಏರಿಳಿತಕ್ಕೆ ಒಂದು ಕ್ಯಾಂಡಲ್. ಫಾರ್ಮುಲಾದಲ್ಲಿ ಶರತ್ತು ಒಂದೇ: ಸಮಯ 9:30ಕ್ಕಿಂತ ಕಡಿಮೆ ಇರುವ ಕ್ಯಾಂಡಲ್ ಎಲ್ಲ ತೊಗೋ. ಹಳೆಯದರಲ್ಲಿ ಕ್ಯಾಂಡಲ್ ಮೇಲೆ ಬೀಳುವ ಸಮಯ ಅದು ಶುರುವಾದ ಸಮಯ. ಅಂದರೆ 9:15, 9:20, 9:25. ಮೂರು ಕ್ಯಾಂಡಲ್, ಸರಿಯಾಗಿ 15 ನಿಮಿಷ. ಹೊಸದರಲ್ಲಿ ಡೀಫಾಲ್ಟ್ ಆಗಿ ಮುಗಿದ ಸಮಯ ಬೀಳುತ್ತದೆ. ಅದೇ ಮೂರು ಕ್ಯಾಂಡಲ್ ಈಗ 9:20, 9:25, 9:30. ಮೂರನೆಯದು ಶರತ್ತಿನಿಂದ ಹೊರಗೆ ಬಿತ್ತು. ನನ್ನ 15 ನಿಮಿಷದ ರೇಂಜ್ 10 ನಿಮಿಷದ್ದಾಯಿತು! ರೇಂಜ್ ಸಣ್ಣದಾದರೆ ಬ್ರೇಕೌಟ್ ಬೇಗ ಬರುತ್ತದೆ, ಅದರಲ್ಲಿ ಸುಳ್ಳು ಬ್ರೇಕೌಟೇ ಜಾಸ್ತಿ. ಚಾರ್ಟ್ ನೋಡಿದರೆ ಏನೂ ಗೊತ್ತಾಗಲ್ಲ. ಕ್ಯಾಂಡಲ್ ಆಕಾರ ಅದೇ, ಬಣ್ಣ ಅದೇ. ಕೆಳಗಿನ ಗಂಟೆ ಯಾರು ಓದುತ್ತಾರೆ?

ಇದು ಸಿಕ್ಕಿದ್ದು ಎರಡೂ ಮಷಿನ್ ಪಕ್ಕಪಕ್ಕ ಇಟ್ಟು ಒಂದೊಂದೇ ಕ್ಯಾಂಡಲಿನ ಸಾಲನ್ನು ಸಿಎಸ್‌ವಿಗೆ (ಬರೀ ಅಂಕಿಗಳ ಫೈಲಿಗೆ) ತೆಗೆದಾಗ. ಎನ್‌ಎಸ್‌ಇ (ರಾಷ್ಟ್ರೀಯ ಶೇರುಪೇಟೆ) ದಿನಕ್ಕೆ 375 ನಿಮಿಷ, ಅಂದರೆ 75 ಸಾಲು. ಕಣ್ಣಿನಲ್ಲೇ ಓದಬಹುದು. ಅಲ್ಲಿಂದ ಚಟ ಹತ್ತಿತು, ಉಳಿದದ್ದನ್ನೂ ಅಗೆದೆ.

ಎರಡನೆಯದು 200 ಇಎಂಎ, ಅಂದರೆ ಹೊಸ ಬೆಲೆಗೆ ಹೆಚ್ಚು ತೂಕ ಕೊಡುವ 200 ಕ್ಯಾಂಡಲಿನ ಆವರೇಜು. ಹೊಸ ಆವೃತ್ತಿ ವೇಗ ವೇಗ ಅಂತ ಕುಣಿಯುತ್ತದೆ. ವೇಗ ಎಲ್ಲಿಂದ ಬಂತು ಅಂತ ನೋಡಿದರೆ ಹಿಂದಿನ ಕ್ಯಾಂಡಲ್ ಕಡಿಮೆ ಓದುತ್ತದೆ. ಇಎಂಎ ಹಿಂದಿನ ಬೆಲೆಯನ್ನು ಎಳೆದುಕೊಂಡು ಬರುವ ಲೆಕ್ಕ. ಬರೀ 200 ಕ್ಯಾಂಡಲ್ ಓದಿದರೆ ಶುರುವಿನ ಬೆಲೆಗೆ ಇನ್ನೂ ಶೇ 13ರಷ್ಟು ತೂಕ ಉಳಿದಿರುತ್ತದೆ. 5 ನಿಮಿಷದ ಚಾರ್ಟ್‌ನಲ್ಲಿ 200 ಕ್ಯಾಂಡಲ್ ಅಂದರೆ ಮೂರು ದಿನವೂ ಪೂರ್ತಿ ಆಗಲ್ಲ. ಹಳೆಯದು ಇದ್ದಷ್ಟನ್ನೂ ಓದುತ್ತಿತ್ತು, ನಿಧಾನ ಓದುತ್ತಿತ್ತು, ಸರಿಯಾಗಿ ಓದುತ್ತಿತ್ತು. 14ರ ಆರ್‌ಎಸ್‌ಐಗೆ (ಬೆಲೆಯ ಓಟದ ಬಲ ಅಳೆಯುವ ಸೂಚಕ) ನೂರು ಕ್ಯಾಂಡಲ್ ದಾಟಿದರೆ ತೊಂದರೆ ಇಲ್ಲ. ಉದ್ದನೆಯ ಆವರೇಜಿಗೇ ಪೆಟ್ಟು. ಹೊಸದರಲ್ಲಿ ಇದಕ್ಕೊಂದು ಸೆಟ್ಟಿಂಗ್ ಇದೆ, ಎಲ್ಲೋ ಮೂರನೇ ಟ್ಯಾಬಿನ ಒಳಗೆ. ನಾನು ಒಂದು ಸಾವಿರದ ಮೇಲೆ ಇಟ್ಟಿದ್ದೇನೆ.

ಮೂರನೆಯದು ಬಹಳ ಸಣ್ಣದು, ಆದರೆ ಮಜಾ ಇದೆ. ಹಳೆಯದು ಸಿಂಗಲ್ ಪ್ರಿಸಿಷನ್‌ನಲ್ಲಿ, ಅಂದರೆ ಡಬಲ್‌ಗಿಂತ ಕಡಿಮೆ ನಿಖರತೆಯಲ್ಲಿ, ಲೆಕ್ಕ ಮಾಡುತ್ತಿತ್ತು. ಅದರಲ್ಲಿ 22350.05 ಅಂತ ಕೊಟ್ಟರೆ ಒಳಗೆ ಕೂರುವುದು 22350.0508 ಹತ್ತಿರ. ಹೊಸದರಲ್ಲಿ ಲೆಕ್ಕ ಡಬಲ್, ಡೇಟಾ ಮಾತ್ರ ಹಳೇ ಸಿಂಗಲ್. ಎರಡನ್ನೂ ಹೋಲಿಸಿ "ಸಮ ಇದೆಯಾ" ಅಂತ ಕೇಳಿದರೆ ಇಲ್ಲ ಅನ್ನುತ್ತದೆ. 5 ಪೈಸೆ ಟಿಕ್‌ಗೆ (ಬೆಲೆ ಸರಿಯುವ ಕನಿಷ್ಠ ಹೆಜ್ಜೆ) ಮೇಲಕ್ಕೆ ರೌಂಡ್ ಮಾಡಿದರೆ ಒಂದೊಂದು ಸಲ ಒಂದು ಟಿಕ್ ಜಾಸ್ತಿ ತೋರಿಸುತ್ತದೆ. ಒಂದು ಟಿಕ್ಕಿನಲ್ಲಿ ಏನಾಗುತ್ತದೆ ಅಂತೀರಾ? ಇಂತಿಷ್ಟೇ ಬೆಲೆಗೆ ಅಂತ ಹಾಕಿದ ಲಿಮಿಟ್ ಆರ್ಡರ್ ಫಿಲ್ ಆಗದೇ ಉಳಿದದ್ದನ್ನು ನೋಡಿದವರು ಹಾಗೆ ಕೇಳಲ್ಲ. "ಸಮ" ಅನ್ನೋದನ್ನೆಲ್ಲ ತೆಗೆದು, ಅರ್ಧ ಟಿಕ್ ಒಳಗಿದ್ದರೆ ಸಮ ಅಂತ ಬರೆದೆ. ಸರಿಹೋಯಿತು.

ಆಫೀಸಿನವರು ಇಷ್ಟಕ್ಕೂ ಒಪ್ಪಲಿಲ್ಲ. ಹಳೇ ಮಷಿನ್ ಕಡೆ ಕೈ ಮಾಡಿ "ಇದನ್ನ ಗುಜರಿಗೆ ಹಾಕ್ರಿ, ಟೇಬಲ್ಲಾದ್ರೂ ಖಾಲಿ ಆಗ್ತೈತಿ" ಅಂತಲೇ ಇದ್ದರು. ಹಳೆಯದರ ಜೊತೆ ತಾಳೆ ನೋಡದೆ ಹೊಸದನ್ನು ಹಾಕಿದರೆ ಏನಾಗುತ್ತದೆ ಅಂತ ಅವರಿಗೆ ನೈಟ್ ಕ್ಯಾಪಿಟಲ್ ಕಥೆ ಹೇಳಿದೆ. ಅಮೆರಿಕದ ಶೇರು ಟ್ರೇಡಿಂಗ್ ಕಂಪನಿ, 2012ರ ಆಗಸ್ಟ್ 1. 8 ಸರ್ವರ್‌ಗೆ ಹೊಸ ಕೋಡ್ ಹಾಕಬೇಕಿತ್ತು. 7ಕ್ಕೆ ಹೋಯಿತು, ಒಂದಕ್ಕೆ ಹೋಗಲಿಲ್ಲ. ಆ ಒಂದರಲ್ಲಿ ವರ್ಷಗಟ್ಟಲೆ ಮಲಗಿದ್ದ ಹಳೇ ಕೋಡ್ ಎದ್ದು ಕೂತು ಆರ್ಡರ್ ಮೇಲೆ ಆರ್ಡರ್ ಬಿಟ್ಟಿತು. 45 ನಿಮಿಷದಲ್ಲಿ ಸುಮಾರು 44 ಕೋಟಿ ಡಾಲರ್ ಲಾಸು. ಅಷ್ಟು ದೊಡ್ಡವರಿಗೇ ಹೀಗಾದರೆ ನಮ್ಮದೆಷ್ಟು, ಅಲ್ವಾ? ಕೇಳಿ ನಕ್ಕರು. ಆಮೇಲೆ ಒಬ್ಬೊಬ್ಬರೇ ಬಂದು "ನಮ್ಮ ಕ್ಯಾಂಡಲ್ ಟೈಮ್ ಒಂದಿಷ್ಟು ನೋಡ್ರಿ" ಅಂತ ಲ್ಯಾಪ್‌ಟಾಪ್ ತೆಗೆದರು.

ಈಗ ನಾನು ಮಾಡಿಕೊಂಡ ವ್ಯವಸ್ಥೆ. ಚಾರ್ಟ್ ಬೇರೆ, ಆರ್ಡರ್ ಬೇರೆ. ಆರ್ಡರ್ ಹಾಕುವುದನ್ನು ಹಳೆಯದರಲ್ಲಿ ಇಟ್ಟುಕೊಳ್ಳೋಕೆ ಆಗಲ್ಲ, ಇಟ್ಟುಕೊಳ್ಳಲೂಬಾರದು. 2022ರ ಸೆಪ್ಟೆಂಬರ್ ಮುಗಿದ ಮೇಲೆ ಎರಡು ಹಂತದ ಲಾಗಿನ್ ಕಡ್ಡಾಯ ಆಗಿದೆ. ವಿಂಡೋಸ್ 7ಕ್ಕೆ 2020ರ ಜನವರಿ 14ಕ್ಕೇ ಮಾಮೂಲಿ ಸೆಕ್ಯುರಿಟಿ ಅಪ್‌ಡೇಟ್ ನಿಂತಿತು, ವಿಂಡೋಸ್ 10ಕ್ಕೂ 2025ರ ಅಕ್ಟೋಬರ್ 14ಕ್ಕೆ ನಿಂತಿದೆ. ಹಾಗಾಗಿ ಹಳೇ ಡಬ್ಬಿಯಲ್ಲಿ ಬ್ಯಾಂಕ್ ಇಲ್ಲ, ಮೇಲ್ ಇಲ್ಲ, ಬ್ರೌಸರ್ ತೆಗೆಯುವುದೇ ಇಲ್ಲ. ಅದರಲ್ಲಿ ಚಾರ್ಟ್ ಮಾತ್ರ. ಹೊಸದರಲ್ಲಿ ಹೊಸ ಆವೃತ್ತಿಯ ಚಾರ್ಟ್ ಮತ್ತು ಆರ್ಡರ್. ಸಿಗ್ನಲ್ ಎರಡರಲ್ಲೂ ಬಂದರೆ ಪೂರ್ತಿ ಲಾಟು (ಒಂದೇ ಸಲ ಕೊಳ್ಳುವ ನಿಗದಿತ ಕಟ್ಟು), ಒಂದರಲ್ಲೇ ಬಂದರೆ ಕೈ ಕಟ್ಟಿ ಕೂರುತ್ತೇನೆ. ಸಂಜೆ ಎರಡರ ಸಿಎಸ್‌ವಿ ತಾಳೆ ನೋಡುತ್ತೇನೆ. ಪೂರ್ತಿ ಒಂದು ತಿಂಗಳ ಎಕ್ಸ್‌ಪೈರಿ (ಫ್ಯೂಚರ್ಸ್, ಆಪ್ಶನ್ಸ್ ಒಪ್ಪಂದ ಮುಗಿಯುವ ದಿನ) ವ್ಯತ್ಯಾಸ ಇಲ್ಲದೆ ದಾಟಿದ ಫಾರ್ಮುಲಾ ಮಾತ್ರ ಹೊಸದಕ್ಕೆ ಕಾಯಂ. ಒಂದೇ ಫೀಡಿನಿಂದ ಎರಡು ಮಷಿನ್ನಿಗೂ ಡೇಟಾ ಹೇಗೆ ಹೋಗುತ್ತದೆ ಅಂತ ಎಲ್ಲರೂ ಕೇಳುತ್ತಾರೆ. ಅದು ನನ್ನ ಹತ್ತಿರವೇ ಇರಲಿ. ಎರಡಕ್ಕೂ ಲೈಸೆನ್ಸ್ ಇದೆ, ಕಳ್ಳ ಕೆಲಸ ಅಲ್ಲ ಅಂತ ಮಾತ್ರ ಹೇಳುತ್ತೇನೆ.

ಹಳೇ ಡಬ್ಬಿಯ ಜಾಗ ಉಳಿಸೋಣ ಅಂತ ಅದನ್ನು ಹೊಸ ಮಷಿನ್ ಒಳಗೇ ವರ್ಚುವಲ್ ಮಷಿನ್ ಮಾಡಿ ನೋಡಿದೆ. ಓಡಿತು. ಆದರೆ ಹೊರಗಿನ ಮಷಿನ್ ನಿದ್ದೆಗೆ ಹೋಗಿ ಎದ್ದರೆ ಒಳಗಿನ ಗಡಿಯಾರ ಹಿಂದೆ ಬೀಳುತ್ತಿತ್ತು. ಕ್ಯಾಂಡಲ್ ಅಂಚಿನ ಟಿಕ್‌ಗಳು ಆ ಕಡೆ ಈ ಕಡೆ ಆದವು. ಲಿನಕ್ಸ್ ಮೇಲೆ ವಿಂಡೋಸ್ ಪ್ರೋಗ್ರಾಂ ಓಡಿಸುವ ವೈನ್ ಹಾಕಿದೆ, ಚಾರ್ಟ್ ಬಂತು, ಪ್ಲಗಿನ್ ಬರಲಿಲ್ಲ. ಬಿಟ್ಟೆ.

ಇನ್ನೊಂದು ಹುಚ್ಚು ಇದೆ. ಬ್ಯಾಡಗಿಯಲ್ಲಿ ನಮ್ಮ ಕಾಕಾ ಒಬ್ಬರು ಮೆಣಸಿನಕಾಯಿ ವ್ಯಾಪಾರದಲ್ಲಿದ್ದಾರೆ. ಟೆಂಡರ್ ದಿನ ಸಂಜೆ ಡಬ್ಬಿ, ಕಡ್ಡಿ ತಳಿಯ ದರ ವಾಟ್ಸಾಪ್ ಮಾಡುತ್ತಾರೆ. ಅದನ್ನು ಹಳೇ ಸಾಫ್ಟ್‌ವೇರ್‌ಗೆ ಬರೀ ಟೆಕ್ಸ್ಟ್ ಫೈಲಿನಿಂದ ತುಂಬುತ್ತೇನೆ, ಶೇರಿನ ಹಾಗೇ ಚಾರ್ಟ್ ಬರುತ್ತದೆ. 2024ರ ಮಾರ್ಚ್‌ನಲ್ಲಿ ದರ ಬಿದ್ದು ಮಾರ್ಕೆಟ್ಟಿನಲ್ಲಿ ಗಲಾಟೆ ಆಯಿತಲ್ಲ, ಆ ಇಳಿತ ನನ್ನ ಚಾರ್ಟ್‌ನಲ್ಲಿ ಕಡಿದಾಗಿ ಕಾಣುತ್ತದೆ. ಟ್ರೇಡ್ ಮಾಡೋಕೆ ಅಲ್ಲ, ಸುಮ್ನೆ. ಹೊಸ ಆವೃತ್ತಿಯಲ್ಲಿ ನಮ್ಮದೇ ಡೇಟಾ ತುಂಬೋಕೂ ಮೇಲಿನ ಪ್ಲಾನ್ ಬೇಕಂತೆ. ಕಾಕಾನ ಮೆಣಸಿನಕಾಯಿಗೆ ನಾನೇಕೆ ಬಾಡಿಗೆ ಕೊಡಲಿ?

ಆರ್ಡರ್ ಕಡೆಯದೂ ಒಂದಿಷ್ಟು ಹೇಳಬೇಕು. ಹಳೇ ಟರ್ಮಿನಲ್‌ನಲ್ಲಿ ಎಫ್1 ಬೈ, ಎಫ್2 ಸೆಲ್, ಎಫ್3 ಆರ್ಡರ್ ಬುಕ್. ಕಣ್ಣು ಚಾರ್ಟ್ ಮೇಲೆ, ಬೆರಳು ತಾನಾಗೇ ಹೋಗುತ್ತಿತ್ತು. ಹೊಸದು ಬ್ರೌಸರ್‌ನಲ್ಲಿ. ಎಫ್1 ಒತ್ತಿದರೆ ಬ್ರೌಸರಿನ ಹೆಲ್ಪ್ ತೆರೆಯುತ್ತದೆ. ಎಫ್5 ಒತ್ತಿದರೆ ಪೂರ್ತಿ ಪೇಜ್ ರಿಫ್ರೆಶ್. 9:31ಕ್ಕೆ ಬೆಲೆ ಓಡುತ್ತಿರುವಾಗ ಆ ಬಿಳಿ ಪರದೆ ನೋಡಿದರೆ ಹೊಟ್ಟೆ ಉರಿಯುತ್ತದೆ. ಎಕ್ಸೆಲ್‌ಗೆ ಲೈವ್ ಬೆಲೆ ಕೊಡುತ್ತಿದ್ದ ಡಿಡಿಇ ಲಿಂಕೂ ಹೋಯಿತು. ನಮ್ಮಲ್ಲಿ ಎಷ್ಟೋ ಜನ ಅದರ ಮೇಲೇ ಬದುಕಿದವರು.

ಹಳೆಯದರಲ್ಲೂ ಕೆಲಸ ಇರುತ್ತದೆ. ಯಾರೂ ಅಪ್‌ಡೇಟ್ ಕಳಿಸಲ್ಲ, ನಾವೇ ತಿದ್ದಬೇಕು. 2024ರ ನವೆಂಬರ್‌ನಲ್ಲಿ ನಿಫ್ಟಿ ಲಾಟ್ 25ರಿಂದ 75 ಆದಾಗ, 2025ರ ಸೆಪ್ಟೆಂಬರ್‌ನಿಂದ ಎಕ್ಸ್‌ಪೈರಿ ಗುರುವಾರದಿಂದ ಮಂಗಳವಾರಕ್ಕೆ ಬಂದಾಗ ಎಲ್ಲ ಫಾರ್ಮುಲಾ ತೆಗೆದು ಕೂತೆ. ಈಗ ಲಾಟು, ವಾರ ಎರಡನ್ನೂ ಹೊರಗಿನ ಒಂದೇ ಫೈಲಿನಲ್ಲಿ ಇಟ್ಟಿದ್ದೇನೆ.

ಒಂದು ಎಚ್ಚರಿಕೆ. ಹೊಸದರಲ್ಲಿ ಒಮ್ಮೆ ಸೇವ್ ಮಾಡಿದ ವರ್ಕ್‌ಸ್ಪೇಸ್ ಹಳೆಯದರಲ್ಲಿ ತೆರೆಯಲ್ಲ. ಇನ್‌ಸ್ಟಾಲ್ ಮಾಡುವ ಮುಂಚೆ ಫೋಲ್ಡರ್ ಪೂರ್ತಿ ಪೆನ್‌ಡ್ರೈವ್‌ಗೆ ಹಾಕಿ. ಶುಕ್ರವಾರ 3:30 ಆದ ಮೇಲೆ ಮಾಡಿ, ತಿಂಗಳ ಎಕ್ಸ್‌ಪೈರಿ ಇರುವ ವಾರದಲ್ಲಿ ಬೇಡವೇ ಬೇಡ.

ಹೋದ ನಲವತ್ತು ಸಾವಿರ ವಾಪಸ್ ಬಂದು ಮೇಲೆ ಒಂದಿಷ್ಟು ಆಗಿದೆ, ಎಷ್ಟು ಅಂತ ಕೇಳಬೇಡಿ. ಟ್ರೆಂಡ್ ತಿರುಗಿದ್ದನ್ನು ಗೆರೆಯಲ್ಲಿ ತೋರಿಸುವ ಸೂಪರ್‌ಟ್ರೆಂಡ್ ಮಾತ್ರ ಇನ್ನೂ ಎರಡರಲ್ಲಿ ತಾಳೆ ಬಂದಿಲ್ಲ. ಅದರೊಳಗಿನ ಎಟಿಆರ್ (ಬೆಲೆಯ ಸರಾಸರಿ ಏರಿಳಿತ) ಸಮ ಬರುತ್ತದೆ, ಗೆರೆ ತಿರುಗುವ ಕ್ಯಾಂಡಲ್ ಮಾತ್ರ ಒಂದು ಹಿಂದೆ ಮುಂದೆ ಆಗುತ್ತಿದೆ. ಯಾರಿಗಾದರೂ ಕಾರಣ ಸಿಕ್ಕಿದ್ದರೆ ತಿಳಿಸಿ, ಗಿರ್ಮಿಟ್ ಚಹಾ ನನ್ನ ಲೆಕ್ಕ.