ಓದಲು ಒಲ್ಲೆ ಅನ್ನುವ ಮಗುವಿಗೆ ‘ರ’ದಿಂದ ಶುರು ಮಾಡಿ

ಕಲಬುರಗಿಯಲ್ಲಿ ಮನೆಯಲ್ಲೇ ಮಕ್ಕಳಿಗೆ ಓದು ಕಲಿಸುತ್ತಿರುವವರಿಗೆ ಒಂದು ಮಾತು. 49 ಅಕ್ಷರ ಮುಗಿಯುವವರೆಗೂ ಮಗುವನ್ನು ಸುಮ್ನೆ ಕಾಯಿಸಬೇಡಿ. ಸರ್ಕಾರಿ ಶಾಲೆಗಳ ನಲಿ-ಕಲಿ ಪದ್ಧತಿಯಲ್ಲಿ ಮೊದಲು ರ, ಗ, ಸ, ದ, ಅ ಕಲಿಸುತ್ತಾರೆ. ಇಷ್ಟರಲ್ಲೇ ಸರ, ಅರಸ, ಗರಗಸ ಓದಬಹುದು. ಆಮೇಲೆ ಜ, ವ, ಮ, ಬ, ನ ಸೇರಿಸಿದರೆ ಮರ, ಜನ, ನಗರ, ಬಸವ ಎಲ್ಲ ಬರುತ್ತವೆ. ‘ನನಗೆ ಓದೋಕೆ ಬರುತ್ತೆ’ ಅಂತ ಒಮ್ಮೆ ಅನ್ನಿಸಿದರೆ ಅರ್ಧ ಹಟ ಇಳಿಯುತ್ತದೆ. ಬರೆಸುವ ಅವಸರ ಬೇಡ, ಸಣ್ಣ ಕೈ ಬೇಗ ಸೋಲುತ್ತದೆ. ರಟ್ಟಿನ ಚೀಟಿಗಳಲ್ಲಿ ಅಕ್ಷರ ಬರೆದುಕೊಟ್ಟು ಜೋಡಿಸಲು ಬಿಡಿ.

ಕಾಗುಣಿತ ಪೂರ್ತಿ ಬಾಯಿಪಾಠ ಮಾಡಿಸಬೇಡಿ. ಮೊದಲು ದೀರ್ಘ ಮಾತ್ರ: ದರ–ದಾರ, ಸರ–ಸಾರ. ಒತ್ತಕ್ಷರ ಕೊನೆಗೆ, ಅದೂ ಅಕ್ಕ, ಅಜ್ಜ, ರೊಟ್ಟಿಯಿಂದ.

ಮನೆಯಲ್ಲಿ ಉರ್ದು, ಮರಾಠಿ ಅಥವಾ ತೆಲುಗು ಮಾತಾಡುವವರು ಪದದ ಅರ್ಥ ಮೊದಲು ಹೇಳಿ, ಆಮೇಲೆ ಓದಿಸಿ. ಬಸ್ ಸ್ಟ್ಯಾಂಡಿಗೆ ಹೋದಾಗ ಆಳಂದ, ಸೇಡಂ, ಜೇವರ್ಗಿ ಬೋರ್ಡುಗಳು ಪುಕ್ಕಟೆ ಪಾಠ. ಸ್ಟೋರಿವೀವರ್ ತಾಣದಲ್ಲಿ ಸಣ್ಣ ಮಕ್ಕಳ ಕನ್ನಡ ಕಥೆಗಳೂ ಪುಕ್ಕಟೆ ಸಿಗುತ್ತವೆ. ದಿನಕ್ಕೆ ಹತ್ತು ನಿಮಿಷ ಸಾಕು. ಬೇಸಿಗೆಯಲ್ಲಿ ಬೆಳಿಗ್ಗೆಯೇ ಮುಗಿಸಿ, ನಮ್ಮೂರ ಮಧ್ಯಾಹ್ನದ ಬಿಸಿಲಿಗೆ ದೊಡ್ಡವರೇ ಪುಸ್ತಕ ಹಿಡಿಯಲ್ಲ, ಅಲ್ವಾ?